ಸಾಕು ಎನ್ನುವ ಹೊತ್ತು



ಸೊಲ್ಲಾಪುರ, ಅಕ್ಕಲಕೋಟ ಸೀಮೆಯ ಹಳ್ಳಿಗಳಲ್ಲಿ ಹೊಲದಿಂದ ಬಂದು, ಕೈಕಾಲು ತೊಳೆದುಕೊಂಡು, ರೇಡಿಯೋ ಹಚ್ಚಿ ಕುಳಿತಿರುವ ತಾಯಂದಿರಿಗೆ, ಹಿರಿಯರಿಗೆ, ಅಣ್ಣತಮ್ಮಂದಿರಿಗೆ ಕಂದಲಗಾಂವದ ಈ ನಿವೃತ್ತ ಬ್ಯಾಂಕ್ ಕಾರಕೂನನ ಶರಣು. ಇಂದು ನಾನು ಒಂದು ಸಣ್ಣ ಶಬ್ದದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಕನ್ನಡದಲ್ಲಿ ಅದು ‘ಸಾಕು’, ಮರಾಠಿಯಲ್ಲಿ ‘ಪುರೇ’. ಊಟಕ್ಕೆ ಕುಳಿತಾಗ ಎರಡೂ ಭಾಷೆಯಲ್ಲಿ ಸಲೀಸಾಗಿ ಬರುವ ಈ ಮಾತು, ನಾವು ಮಾಡುತ್ತಿರುವ ಕೆಲಸದ ವಿಷಯ ಬಂದಾಗ ಯಾಕೆ ಗಂಟಲಲ್ಲೇ ನಿಲ್ಲುತ್ತದೆ? ಆಟಗಾರರ ಉದಾಹರಣೆ ಹಿಡಿದು ಇದನ್ನು ನೋಡೋಣ. ಯಾಕೆಂದರೆ ನಾವೆಲ್ಲ ಅರವತ್ತಕ್ಕೋ ಎಪ್ಪತ್ತಕ್ಕೋ ಎದುರಿಸುವ ಪ್ರಶ್ನೆಯನ್ನು ಆಟಗಾರ ಮೂವತ್ತೈದಕ್ಕೇ, ಅದೂ ಸಾವಿರಾರು ಜನರ ಎದುರಿಗೆ, ಎದುರಿಸಬೇಕಾಗುತ್ತದೆ.

ನಮ್ಮಂಥ ನೌಕರದಾರರಿಗೆ ಈ ತಾಪತ್ರಯ ಇಲ್ಲ. ಅರವತ್ತು ತುಂಬಿದ ತಿಂಗಳ ಕೊನೆಯ ದಿನ ಬ್ಯಾಂಕು ಕೈಮುಗಿದು ಮನೆಗೆ ಕಳಿಸುತ್ತದೆ. ಒಂದನೆಯ ತಾರೀಖಿಗೆ ಹುಟ್ಟಿದವನಾದರೆ ಹಿಂದಿನ ತಿಂಗಳ ಕೊನೆಯ ದಿನವೇ. ನಮ್ಮ ಕಡೆ ಹಳೆಯ ಕಾಲದ ಮಾಸ್ತರರು ಶಾಲೆಗೆ ಹೆಸರು ಹಚ್ಚುವಾಗ, ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಜೂನ್ 1 ಎಂದು ಬರೆದುಬಿಡುತ್ತಿದ್ದರು. ಹಾಗಾಗಿ ಮೇ 31ರಂದು ಎಷ್ಟೋ ಕಚೇರಿಗಳಲ್ಲಿ ಒಂದೇ ದಿನ ನಾಲ್ಕಾರು ಮಂದಿಗೆ ಶಾಲು, ತೆಂಗಿನಕಾಯಿ. ನಗು ಬರುವ ಮಾತು ನಿಜ. ಆದರೆ ಮಾಸ್ತರರ ಆ ಒಂದು ಗೀಟು ನಮಗೆ ಎಷ್ಟು ಉಪಕಾರ ಮಾಡಿದೆ ನೋಡಿರಿ. ‘ನಾನು ಇನ್ನೂ ಗಟ್ಟಿ ಇದ್ದೇನೆಯೇ, ಇಲ್ಲವೇ’ ಎಂದು ಕನ್ನಡಿ ಮುಂದೆ ನಿಂತು ಕೇಳಿಕೊಳ್ಳುವ ಸಂಕಟ ನಮಗೆ ಬರಲಿಲ್ಲ.

ಆಟಗಾರನಿಗೆ ಇಂಥ ರಜಿಸ್ಟರ್ ಇಲ್ಲ. ತಾಲೀಮಿನ ಪೈಲ್ವಾನನನ್ನೇ ತೆಗೆದುಕೊಳ್ಳಿರಿ. ಜಾತ್ರೆಯ ಕಣದಲ್ಲಿ ತೆಂಗಿನಕಾಯಿ ಕುಸ್ತಿಯಿಂದ ಶುರು ಮಾಡಿ, ಬೆಳ್ಳಿ ಕಡೆಯ ಕುಸ್ತಿಯವರೆಗೆ ಬಂದಿರುತ್ತಾನೆ. ಇಪ್ಪತ್ತರಲ್ಲಿ ಬಿದ್ದರೆ ಮೈಗೆ ಹತ್ತಿದ ಮಣ್ಣು ಝಾಡಿಸಿ ಏಳುತ್ತಾನೆ. ಮೂವತ್ತೈದರಲ್ಲಿ ಬಿದ್ದರೆ ಮೊಣಕಾಲು ಎಂಟು ದಿನ ಮಾತಾಡುತ್ತದೆ. ಬಲ ಹೋಗುವುದು ಕೊನೆಗೆ. ಮೊದಲು ಹೋಗುವುದು ಚುರುಕು, ಅದಕ್ಕಿಂತ ಮೊದಲು ಹೋಗುವುದು ದಣಿವು ಆರಿಸಿಕೊಳ್ಳುವ ಶಕ್ತಿ. ಇನ್ನೊಂದು ಮಾತು ನಮ್ಮ ಹಳ್ಳಿಯ ಪ್ರತಿಯೊಬ್ಬ ವಸ್ತಾದನಿಗೂ ಗೊತ್ತು. ಕಸರತ್ತು ಬಿಟ್ಟು ಖುರಾಕು ಬಿಡದ ಪೈಲ್ವಾನ ಎರಡೇ ವರ್ಷದಲ್ಲಿ ಗುರುತು ಸಿಗದಂತೆ ಊದಿಕೊಳ್ಳುತ್ತಾನೆ. ಕುಸ್ತಿಯಂತೆಯೇ ಕುಸ್ತಿ ಬಿಡುವುದನ್ನೂ ಕಲಿಯಬೇಕು.

ಕಲಿತವರಿದ್ದಾರೆ. ಚಿಕ್ಕೋಡಿ ಸೀಮೆಯ ಎಕ್ಸಂಬಾದಲ್ಲಿ ಹುಟ್ಟಿ, ಕೊಲ್ಲಾಪುರದ ತಾಲೀಮಿನಲ್ಲಿ ಬೆಳೆದ ಶ್ರೀಪತಿ ಖಂಚನಾಳೆಯವರ ಹೆಸರು ಗಡಿಯ ಎರಡೂ ಕಡೆಯ ಹಿರಿಯರಿಗೆ ಗೊತ್ತು. 1959ರಲ್ಲಿ ಮೊಟ್ಟಮೊದಲ ಹಿಂದ್ ಕೇಸರಿ ಆದವರು ಅವರು. ಕರ್ನಾಟಕದಲ್ಲಿ ಹುಟ್ಟಿ ಮಹಾರಾಷ್ಟ್ರದಲ್ಲಿ ಬೆಳೆದ ಈ ಪೈಲ್ವಾನ 2020ರ ಡಿಸೆಂಬರ್‌ನಲ್ಲಿ ತೀರಿಕೊಳ್ಳುವವರೆಗೆ, ಕಣ ಬಿಟ್ಟು ದಶಕಗಳಾದ ಮೇಲೂ, ಕುಸ್ತಿಯ ಜನರ ನಡುವೆ ಹಿರಿಯರಾಗಿಯೇ ಇದ್ದರು. ಕಣ ಬಿಟ್ಟ ಪೈಲ್ವಾನನಿಗೆ ತಾಲೀಮಿನಲ್ಲಿ ‘ವಸ್ತಾದ’ ಎಂಬ ಜಾಗ ಉಂಟು. ಇಂಥ ಒಂದು ಜಾಗ ಮೊದಲೇ ಕಟ್ಟಿಟ್ಟಿದ್ದು ನಮ್ಮ ತಾಲೀಮಿನ ದೊಡ್ಡತನ.

ಈಗ ಕ್ರಿಕೆಟ್ಟಿಗೆ ಬರೋಣ. ನಮ್ಮ ಸೊಲ್ಲಾಪುರದಲ್ಲೇ ಹುಟ್ಟಿದ ಒಬ್ಬ ದೊಡ್ಡ ಆಟಗಾರರನ್ನು ನಾವು ಮರೆತಿದ್ದೇವೆ. ಪಾಲಿ ಉಮ್ರಿಗರ್. 1926ರ ಮಾರ್ಚ್ 28ರಂದು ಸೊಲ್ಲಾಪುರದ ಪಾರ್ಸಿ ಮನೆತನದಲ್ಲಿ ಹುಟ್ಟಿ, ಮುಂಬಯಿಯಲ್ಲಿ ಬೆಳೆದವರು. ಟೆಸ್ಟ್ ಪಂದ್ಯದಲ್ಲಿ ದ್ವಿಶತಕ ಹೊಡೆದ ಮೊದಲ ಭಾರತೀಯ ಅವರೇ. 1955ರಲ್ಲಿ ಹೈದರಾಬಾದಿನಲ್ಲಿ, ನ್ಯೂಜಿಲೆಂಡ್ ವಿರುದ್ಧ 223.

ಅವರು ಆಟ ಬಿಟ್ಟ ರೀತಿ ಕೇಳಿರಿ. 1962ರಲ್ಲಿ ನಮ್ಮ ತಂಡ ವೆಸ್ಟ್ ಇಂಡೀಸಿಗೆ ಹೋಗಿ ಐದಕ್ಕೆ ಐದೂ ಟೆಸ್ಟ್ ಸೋತಿತು. ನಾಯಕ ನರಿ ಕಂಟ್ರಾಕ್ಟರ್ ಅವರ ತಲೆಗೆ ಚೆಂಡು ಬಡಿದು ಜೀವಕ್ಕೇ ಬಂದಿತ್ತು. ಇಪ್ಪತ್ತೊಂದು ವರ್ಷದ ಪಟೌಡಿಯವರ ಹೆಗಲಿಗೆ ನಾಯಕತ್ವ ಬಿತ್ತು. ಅಂಥ ಸರಣಿಯಲ್ಲಿ ಪೋರ್ಟ್ ಆಫ್ ಸ್ಪೇನ್ ಟೆಸ್ಟಿನಲ್ಲಿ ಮೂವತ್ತಾರು ವರ್ಷದ ಉಮ್ರಿಗರ್ ಮೊದಲ ಸರದಿಯಲ್ಲಿ 56, ಎರಡನೆಯದರಲ್ಲಿ ಔಟಾಗದೆ 172 ಹೊಡೆದರು. ಮೇಲಾಗಿ ಬೌಲಿಂಗಿನಲ್ಲಿ 5 ವಿಕೆಟ್ ತೆಗೆದರು. ಆ ಸರಣಿ ಮುಗಿದ ಮೇಲೆ ಅವರು ಟೆಸ್ಟ್ ಆಡಲಿಲ್ಲ. ಬೆನ್ನು ನೋವು ಕಾಡುತ್ತಿತ್ತು. ಆಗ ಅವರ ಲೆಕ್ಕ 59 ಟೆಸ್ಟ್, 3631 ರನ್, 12 ಶತಕ. ಆ ಹೊತ್ತಿಗೆ ಭಾರತದಲ್ಲಿ ಅದಕ್ಕಿಂತ ದೊಡ್ಡ ಲೆಕ್ಕ ಯಾರದ್ದೂ ಇರಲಿಲ್ಲ. ನೋಡುವವರಿಗೆ 172 ಕಾಣುತ್ತದೆ, ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಏಳುವಾಗಿನ ಬೆನ್ನು ಕಾಣುವುದಿಲ್ಲ. ಅದನ್ನು ಬಲ್ಲವನು ಒಬ್ಬನೇ.

ಮುಂದೆ ಇದೇ ಉಮ್ರಿಗರ್ 1978ರಿಂದ 1982ರ ವರೆಗೆ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಅಂದರೆ ಮೇಜಿನ ಆ ಕಡೆಗೆ ಕುಳಿತರು. ಆ ವರ್ಷಗಳಲ್ಲೇ ನಮ್ಮ ಪ್ರಸಿದ್ಧ ಸ್ಪಿನ್ ಬೌಲರ್‌ಗಳ ಕಾಲ ಮುಗಿಯಿತು. ಕರ್ನಾಟಕದ ಪ್ರಸನ್ನ 189 ವಿಕೆಟ್ ತೆಗೆದು 1978ರಲ್ಲಿ ಕೊನೆಯ ಟೆಸ್ಟ್ ಆಡಿದರು. ಚಂದ್ರಶೇಖರ್ 242 ವಿಕೆಟ್ ತೆಗೆದು 1979ರಲ್ಲಿ. ಅಂದಿನ ಆ ಪಂದ್ಯಗಳೇ ಕಡೆಯವು ಎಂದು ಯಾರೂ ಹಾರ ಹಾಕಲಿಲ್ಲ. ಮುಂದಿನ ಪಟ್ಟಿಯಲ್ಲಿ ಹೆಸರು ಇರಲಿಲ್ಲ, ಅಷ್ಟೇ. ಆಯ್ಕೆದಾರರದ್ದು ನಮ್ಮ ನಗದು ಕೌಂಟರಿನ ಕೆಲಸವಿದ್ದಂತೆ. ಎದುರಿಗೆ ನಿಂತವರು ಎಷ್ಟೇ ಬೇಕಾದವರಿರಲಿ, ಖಾತೆಯಲ್ಲಿ ಬಾಕಿ ಇಲ್ಲದಿದ್ದರೆ ಇಲ್ಲ ಎನ್ನಲೇಬೇಕು. ಆದರೆ ಇಲ್ಲ ಎನ್ನುವುದಕ್ಕೂ ಒಂದು ಬಾಯಿ ಬೇಕು. ಪಟ್ಟಿಯಿಂದ ಹೆಸರು ತೆಗೆದರೆ ಸಾಲದು, ಕರೆದು ಕೂರಿಸಿ ಹೇಳುವುದು ದೊಡ್ಡವರ ಲಕ್ಷಣ.

ಇನ್ನು ಒಂದು ಬೀಗತನದ ಕಥೆ. ನಮ್ಮ ಹಳ್ಳಿಗಳಲ್ಲಿ ಹೆಣ್ಣು ಕೊಟ್ಟು ತರುವುದಕ್ಕೆ ಗಡಿ ಎಂಬುದಿಲ್ಲ. ಕ್ರಿಕೆಟ್ಟಿನಲ್ಲೂ ಹಾಗೆ ಒಂದು ಆಯಿತು. ಭದ್ರಾವತಿಯಲ್ಲಿ ಹುಟ್ಟಿದ ಕನ್ನಡಿಗ ಗುಂಡಪ್ಪ ವಿಶ್ವನಾಥ್ ಮುಂಬಯಿಯ ಸುನಿಲ್ ಗಾವಸ್ಕರ್ ಅವರ ತಂಗಿಯನ್ನು ಮದುವೆಯಾದರು. ಇಬ್ಬರೂ 1949ರಲ್ಲಿ ಹುಟ್ಟಿದವರು. ವಿಶ್ವನಾಥ್ ಅವರ ಕೊನೆಯ ಟೆಸ್ಟ್ 1983ರ ಆರಂಭದಲ್ಲಿ ಕರಾಚಿಯಲ್ಲಿ ಆಯಿತು. 91 ಟೆಸ್ಟ್, 6080 ರನ್. ಮತ್ತೆ ಅವರಿಗೆ ಕರೆ ಬರಲಿಲ್ಲ. ಗಾವಸ್ಕರ್ ಅವರ ಕೊನೆಯ ಟೆಸ್ಟ್ 1987ರ ಮಾರ್ಚ್‌ನಲ್ಲಿ, ವಿಶ್ವನಾಥ್ ಅವರ ಬೆಂಗಳೂರಿನಲ್ಲೇ. ಚೆಂಡು ಹೆಡೆ ಎತ್ತಿದ ಹಾವಿನಂತೆ ತಿರುಗುತ್ತಿದ್ದ ಆ ಪಿಚ್ಚಿನ ಮೇಲೆ, ಪಾಕಿಸ್ತಾನದ ವಿರುದ್ಧ, ಅವರು 96 ರನ್ ಹೊಡೆದರು. ಪಂದ್ಯವನ್ನು ಭಾರತ 16 ರನ್ನುಗಳಿಂದ ಸೋತಿತು. ಆದರೆ ಆ 96 ಇಂದಿಗೂ ಜನರ ಬಾಯಲ್ಲಿದೆ.

ಭಾವ ಹೂವಿನ ಹಾರದೊಂದಿಗೆ ಹೋದರು, ಭಾವಮೈದುನ ಹಾರವಿಲ್ಲದೆ ಹೋದರು ಎಂದು ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಅರ್ಧ. ಭಾರತ ತಂಡಕ್ಕೆ ಕರೆಯದಿದ್ದರೇನು, ವಿಶ್ವನಾಥ್ 1988ರ ವರೆಗೆ ಕರ್ನಾಟಕಕ್ಕೆ ರಣಜಿ ಆಡಿದರು. ದೊಡ್ಡ ಕಣದಲ್ಲಿ ತೊಂಬತ್ತು ಟೆಸ್ಟ್ ಆಡಿದವರು ಸಣ್ಣ ಕಣದಲ್ಲಿ ಹುಡುಗರ ಜೊತೆ ಆಡಲು ನಾಚಲಿಲ್ಲ. ಆಟದ ಮೇಲಿನ ಪ್ರೀತಿ ಬೇರೆ, ಕುರ್ಚಿಯ ಮೇಲಿನ ಪ್ರೀತಿ ಬೇರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಕುರ್ಚಿ ಹೋದ ಮೇಲೂ ಕೆಲಸ ಬೇಕೆನಿಸಿದರೆ ಅದು ಪ್ರೀತಿ.

‘ಇಷ್ಟು ಬೇಗ ಯಾಕೆ ಬಿಟ್ಟಿರಿ?’ ಎಂದು ಜನ ಕೇಳುವಾಗಲೇ ಬಿಡಬೇಕು, ‘ಇನ್ನೂ ಯಾಕೆ ಬಿಟ್ಟಿಲ್ಲ?’ ಎಂದು ಕೇಳುವ ತನಕ ಕಾಯಬಾರದು ಎಂಬ ಮಾತೊಂದಿದೆ. ಹಿಂದಿನ ಆಟಗಾರ ವಿಜಯ್ ಮರ್ಚೆಂಟ್ ಅವರ ಹೆಸರಿನಲ್ಲಿ ಈ ಮಾತು ಓಡಾಡುತ್ತದೆ. ಅವರು 1951ರ ನವೆಂಬರ್‌ನಲ್ಲಿ ದಿಲ್ಲಿಯಲ್ಲಿ ಇಂಗ್ಲೆಂಡ್ ವಿರುದ್ಧ 154 ಹೊಡೆದು, ಅದೇ ಪಂದ್ಯದಲ್ಲಿ ಭುಜಕ್ಕೆ ಪೆಟ್ಟು ಮಾಡಿಕೊಂಡು, ಮತ್ತೆ ಟೆಸ್ಟ್ ಆಡಲಿಲ್ಲ. ಮಾತು ಒಳ್ಳೆಯದು. ಆದರೆ ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಅದರಲ್ಲಿ ಲೆಕ್ಕಕ್ಕಿರುವುದು ಕಟ್ಟೆಯ ಮೇಲೆ ಕುಳಿತು ನೋಡುವ ಜನರ ಬಾಯಿ ಮಾತ್ರ. ನನ್ನ ಹಿಂದೆ ಸರದಿಯಲ್ಲಿ ನಿಂತವನು ಯಾರು, ಅವನಿಗೆ ನಾನು ಏನು ಕೊಟ್ಟು ಹೋಗುತ್ತೇನೆ ಎಂಬ ಪ್ರಶ್ನೆ ಅದರಲ್ಲಿಲ್ಲ.

ಆ ಪ್ರಶ್ನೆ ಕೇಳಿದರೆ ನನಗೆ ನೆನಪಾಗುವವರು ಅನಿಲ್ ಕುಂಬ್ಳೆ. 2008ರಲ್ಲಿ ಆಸ್ಟ್ರೇಲಿಯ ತಂಡ ಬಂದಾಗ ಅವರು ನಾಯಕರು, ವಯಸ್ಸು ಮೂವತ್ತೆಂಟು. ಭುಜದ ನೋವಿನಿಂದ ಮೊಹಾಲಿ ಟೆಸ್ಟಿಗೆ ಹೊರಗುಳಿದರು. ಅವರ ಜಾಗಕ್ಕೆ ಬಂದ ಲೆಗ್ ಸ್ಪಿನ್ ಹುಡುಗ ಅಮಿತ್ ಮಿಶ್ರಾ ತನ್ನ ಮೊದಲ ಟೆಸ್ಟಿನಲ್ಲೇ, ಮೊದಲ ಸರದಿಯಲ್ಲೇ 5 ವಿಕೆಟ್ ತೆಗೆದ. ಮುಂದಿನ ಟೆಸ್ಟ್ ದಿಲ್ಲಿಯ ಫಿರೋಜ್ ಶಾ ಕೋಟ್ಲಾದಲ್ಲಿ. ಅಲ್ಲೇ 1999ರಲ್ಲಿ ಕುಂಬ್ಳೆ ಪಾಕಿಸ್ತಾನದ ಹತ್ತಕ್ಕೆ ಹತ್ತೂ ವಿಕೆಟ್ ತೆಗೆದಿದ್ದರು. ಈ ಸಲ ಕ್ಯಾಚ್ ಹಿಡಿಯಲು ಹೋಗಿ ಎಡಗೈ ಕಿರುಬೆರಳು ಸೀಳಿ ಹನ್ನೊಂದು ಹೊಲಿಗೆ ಬಿದ್ದವು. ಹೊಲಿಗೆ ಹಾಕಿಸಿಕೊಂಡು ಬಂದು ಮತ್ತೆ ಬೌಲ್ ಮಾಡಿದರು. ನವೆಂಬರ್ 2ರಂದು ಪಂದ್ಯ ಮುಗಿಯುವ ದಿನ ‘ಇಲ್ಲಿಗೆ ಮುಗಿಯಿತು’ ಎಂದರು. 619 ವಿಕೆಟ್ ತೆಗೆದವರು ಸರಣಿಯಲ್ಲಿ ಇನ್ನೊಂದು ಟೆಸ್ಟ್ ಇರುವಾಗಲೇ ನಾಯಕತ್ವವನ್ನು ಧೋನಿಯ ಕೈಗಿಟ್ಟರು. ನಾಗಪುರದ ಆ ಟೆಸ್ಟ್ ಗೆದ್ದು ಸರಣಿಯೂ ನಮ್ಮದಾಯಿತು. ಕಿತ್ತುಕೊಳ್ಳುವ ಮೊದಲೇ ಕೊಟ್ಟರೆ ಅದು ದಾನ.

ಸರದಿಯಲ್ಲಿ ನಿಂತವನ ಪಾಡು ಹೇಗಿರುತ್ತದೆ? ಮೈಸೂರಿನ ಜಾವಗಲ್ ಶ್ರೀನಾಥ್ 1991ರಲ್ಲಿ ಆಸ್ಟ್ರೇಲಿಯದಲ್ಲಿ ಮೊದಲ ಟೆಸ್ಟ್ ಆಡಿದರು. ತವರು ನೆಲದಲ್ಲಿ ಮೊದಲ ಟೆಸ್ಟ್ ಆಡಲು 1994ರ ನವೆಂಬರ್ ಬರಬೇಕಾಯಿತು. ಆಗ ನಮ್ಮ ಪಿಚ್ಚುಗಳಲ್ಲಿ ಸ್ಪಿನ್ನಿಗೇ ಮಣೆ. ಉಳಿದ ವೇಗದ ಬೌಲಿಂಗಿನ ಜಾಗದಲ್ಲಿ ಕಪಿಲ್ ದೇವ್ ಇದ್ದರು. ಹ್ಯಾಡ್ಲಿಯವರ 431 ವಿಕೆಟ್ಟುಗಳ ದಾಖಲೆಯನ್ನು ಕಪಿಲ್ 1994ರ ಫೆಬ್ರವರಿಯಲ್ಲಿ ಅಹಮದಾಬಾದಿನಲ್ಲಿ ದಾಟಿದರು. ಇಡೀ ದೇಶ ಕುಣಿಯಿತು. ಮುಂದಿನ ತಿಂಗಳು ಅವರ ಕೊನೆಯ ಟೆಸ್ಟ್. ಕಪಿಲ್ ದೇಶಕ್ಕೆ ಕೊಟ್ಟದ್ದು ಬೆಟ್ಟದಷ್ಟು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಬೆಟ್ಟದ ನೆರಳಲ್ಲಿ ಒಬ್ಬ ಹುಡುಗನ ಇಪ್ಪತ್ತೆರಡು, ಇಪ್ಪತ್ತಮೂರು, ಇಪ್ಪತ್ತನಾಲ್ಕರ ವರ್ಷಗಳು ಹೋದವು. ವೇಗದ ಬೌಲರನಿಗೆ ಅವೇ ಚಿನ್ನದ ವರ್ಷಗಳು. ದಾಖಲೆಯ ಪುಸ್ತಕದಲ್ಲಿ ಕಪಿಲರ 434 ಬರೆದಿದೆ, ಹುಡುಗ ಹೊರಗೆ ಕುಳಿತ ದಿನಗಳನ್ನು ಯಾರೂ ಬರೆದಿಲ್ಲ.

ಇನ್ನು ರಾಹುಲ್ ದ್ರಾವಿಡ್. 2011ರಲ್ಲಿ ಇಂಗ್ಲೆಂಡಿನಲ್ಲಿ, ಉಳಿದವರೆಲ್ಲ ಒಣ ಎಲೆಯಂತೆ ಉದುರುವಾಗ, ಮೂವತ್ತೆಂಟು ವರ್ಷದ ಇವರು ನಾಲ್ಕು ಟೆಸ್ಟಿನಲ್ಲಿ ಮೂರು ಶತಕ ಸೇರಿ 461 ರನ್ ಮಾಡಿದರು. ಕೆಲವೇ ತಿಂಗಳಲ್ಲಿ ಆಸ್ಟ್ರೇಲಿಯಕ್ಕೆ ಹೋದರು. ಅಲ್ಲಿ ನಾಲ್ಕು ಟೆಸ್ಟಿನಲ್ಲಿ 194 ರನ್. ಎಂಟು ಸರದಿಯಲ್ಲಿ ಆರು ಸಲ ಬೌಲ್ಡ್. ‘ಗೋಡೆ’ ಎಂದು ಹೆಸರಾದವರ ಗೋಡೆಯಲ್ಲಿ ಕಿಂಡಿ ಬಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವರು ನೆಲ ಡೊಂಕು ಎನ್ನಲಿಲ್ಲ. 2012ರ ಮಾರ್ಚ್ 9ರಂದು ಬೆಂಗಳೂರಿನಲ್ಲಿ ಪತ್ರಕರ್ತರನ್ನು ಕರೆದು ನಿವೃತ್ತಿ ಹೇಳಿದರು. ಬೀಳ್ಕೊಡುಗೆಯ ಟೆಸ್ಟ್ ಆಡಬೇಕೆಂದು ಕಾಯಲಿಲ್ಲ.

ಅವರ ಎರಡನೆಯ ಇನ್ನಿಂಗ್ಸ್ ತಂಡದ ಕೋಚ್ ಆಗಿ. 2023ರ ನವೆಂಬರ್ 19ರಂದು ಅಹಮದಾಬಾದಿನಲ್ಲಿ ವಿಶ್ವಕಪ್ ಫೈನಲ್ ಸೋತಾಗ ಅವರ ಕರಾರಿನ ಅವಧಿ ಮುಗಿದಿತ್ತು. ಇನ್ನೊಂದಿಷ್ಟು ತಿಂಗಳು ಮುಂದುವರಿದರು. 2024ರ ಜೂನ್ 29ರಂದು ಬಾರ್ಬಡೋಸಿನಲ್ಲಿ ಭಾರತ 7 ರನ್ನುಗಳಿಂದ ಟಿ-20 ವಿಶ್ವಕಪ್ ಗೆದ್ದಿತು. ಕೋಚ್ ಹುದ್ದೆಗೆ ಅಂದೇ ಅವರ ವಿದಾಯ. ಆಟಗಾರನಾಗಿ ಸೋತ ಸರಣಿಯ ನಂತರ ಹೋದರು, ಕೋಚ್ ಆಗಿ ಗೆದ್ದ ದಿನ ಹೋದರು. ಎರಡೂ ಸರಿಯೇ. ಸೋತಾಗ ಹೋಗಬೇಕೋ ಗೆದ್ದಾಗ ಹೋಗಬೇಕೋ ಎಂಬುದು ಮುಖ್ಯವಲ್ಲ, ನನ್ನ ಕೆಲಸ ಇಲ್ಲಿ ಮುಗಿಯಿತೋ ಇಲ್ಲವೋ ಎಂಬುದು ಮುಖ್ಯ.

ಕೋಚಿಗೆ ಮೈ ದಣಿಯುವ ಕೆಲಸವಿಲ್ಲ, ಹಾಗಾಗಿ ಅವನು ಎಷ್ಟು ವರ್ಷವಾದರೂ ಇರಬಹುದಲ್ಲ ಎಂದು ನೀವು ಕೇಳಬಹುದು. ಅಮೇರಿಕೆಯಲ್ಲಿ ಒಬ್ಬರು ಹಾಗೆ ಇದ್ದರು. ಅಲ್ಲಿ ಬೇಸ್‌ಬಾಲ್ ಎಂಬ ಚೆಂಡು-ದಾಂಡಿನ ಆಟಕ್ಕೆ ನಮ್ಮಲ್ಲಿ ಕ್ರಿಕೆಟ್ಟಿಗಿರುವಷ್ಟು ಹುಚ್ಚು. ತಂಡವನ್ನು ನಡೆಸುವವನಿಗೆ ಅಲ್ಲಿ ಮ್ಯಾನೇಜರ್ ಎನ್ನುತ್ತಾರೆ. ಫಿಲಡೆಲ್ಫಿಯ ತಂಡದ ಕಾನಿ ಮ್ಯಾಕ್ 1901ರಿಂದ 1950ರ ವರೆಗೆ, ಒಂದೇ ತಂಡಕ್ಕೆ ಐವತ್ತು ವರ್ಷ ಮ್ಯಾನೇಜರ್ ಆಗಿದ್ದರು. ದೇಶದ ಪಟ್ಟವನ್ನು ಐದು ಸಲ ಗೆದ್ದವರು, ಸಾಮಾನ್ಯರಲ್ಲ. ಆದರೆ ಐದನೆಯದು ಬಂದದ್ದು 1930ರಲ್ಲಿ. ಆಮೇಲೆ ಇಪ್ಪತ್ತು ವರ್ಷ ಅದೇ ಜಾಗದಲ್ಲಿ ಕುಳಿತರು. 1950ರಲ್ಲಿ, ಅವರಿಗೆ ಎಂಬತ್ತೇಳು ವರ್ಷವಾದಾಗ, ತಂಡ 52 ಆಟ ಗೆದ್ದು 102 ಸೋತು ಎಂಟರಲ್ಲಿ ಎಂಟನೆಯದಾಯಿತು. ಆಗ ಬಿಟ್ಟರು. ಅವರಿಗೆ ಯಾರೂ ಮೊದಲೇ ‘ಸಾಕು’ ಎನ್ನಲಿಲ್ಲವೇ? ಹೇಗೆ ಅಂದಾರು! ತಂಡದ ಮಾಲಕರೂ ಅವರೇ ಆಗಿದ್ದರು. 1954ರಲ್ಲಿ ತಂಡವೇ ಮಾರಾಟವಾಗಿ ಬೇರೆ ಊರಿಗೆ ಹೋಯಿತು.

ಬಂಧುಗಳೇ, ‘ಮಾಲಕರೂ ಅವರೇ’ ಎಂದಾಗ ನಿಮಗೆ ನಮ್ಮೂರಿನ ಯಾರಾದರೂ ನೆನಪಾದರೇ? ಪೈಲ್ವಾನನಿಗೆ ಮೊಣಕಾಲು ಹೇಳುತ್ತದೆ, ಕ್ರಿಕೆಟಿಗನಿಗೆ ಆಯ್ಕೆದಾರರು ಹೇಳುತ್ತಾರೆ, ಕಾರಕೂನನಿಗೆ ರಜಿಸ್ಟರ್ ಹೇಳುತ್ತದೆ. ಒಕ್ಕಲುತನದ ಯಜಮಾನನಿಗೆ ಹೇಳುವವರು ಯಾರು?

ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು ನಾನು ಎರಡು ನಮೂನೆಯ ಹಿರಿಯರನ್ನು ನೋಡಿದ್ದೇನೆ. ಬೆಳೆಸಾಲಕ್ಕೆ ಎಪ್ಪತ್ತೈದರ ತಂದೆ ಬರುತ್ತಿದ್ದರು, ಹಿಂದೆ ಐವತ್ತರ ಮಗ. ಎಷ್ಟು ಎಕರೆ ಜೋಳ, ಎಷ್ಟು ತೊಗರಿ ಎಂದು ಕೇಳಿದರೆ ತಂದೆ ತಿರುಗಿ ಮಗನ ಮುಖ ನೋಡುತ್ತಿದ್ದರು. ಲೆಕ್ಕ ಹೇಳುವವನು ಮಗ, ಸಹಿ ಮಾಡುವವರು ತಂದೆ. ಮಗನಿಗೆ ತಲೆ ನರೆತರೂ ಬೀಜದ ಚೀಲ ಕೊಳ್ಳಲು ಕೇಳಬೇಕು. ಹೀಗಿದ್ದ ಮನೆಗಳ ಹುಡುಗರು ಪುಣೆಯ ಕಾರ್ಖಾನೆಗೆ ಹೋದರೆ ನಾವು ಹುಡುಗರನ್ನು ಬೈಯುತ್ತೇವೆ.

ಎರಡನೆಯ ನಮೂನೆ ಇದಕ್ಕಿಂತ ದುಃಖದ್ದು. ‘ನನ್ನದು ಮುಗಿಯಿತು’ ಎಂದು ಸಾತ್-ಬಾರಾ ಉತಾರದಿಂದ ತಮ್ಮ ಹೆಸರು ತೆಗೆಸಿ, ಹೊಲ ಮನೆ ಎಲ್ಲ ಮಕ್ಕಳ ಹೆಸರಿಗೆ ಬರೆದುಕೊಟ್ಟು, ಆಮೇಲೆ ಪಾಸ್‌ಬುಕ್ ಹಿಡಿದು ‘ಸರಕಾರದ ದುಡ್ಡು ಬಂತೇನು ಸಾಹೇಬ?’ ಎಂದು ದಿನಾ ಬಂದು ಕೇಳುವವರು.

ಇವೆರಡರ ನಡುವೆ ದಾರಿಯಿದೆ. ಕೆಲಸ ಕೊಡುವುದು ಬೇರೆ, ಕಾಗದ ಕೊಡುವುದು ಬೇರೆ. ಕೆಲಸವನ್ನು ಬೇಗ ಕೊಡಿರಿ. ಈ ವರ್ಷ ಏನು ಬಿತ್ತಬೇಕು, ಯಾವ ಎತ್ತು ಕೊಳ್ಳಬೇಕು, ಟ್ರ್ಯಾಕ್ಟರ್ ಬಾಡಿಗೆ ಎಷ್ಟು ಎಂಬುದನ್ನು ಮಗನೋ ಸೊಸೆಯೋ ತೀರ್ಮಾನ ಮಾಡಲಿ. ಅವರ ಒಂದು ಬೆಳೆ ಕೆಟ್ಟರೆ ಕೆಡಲಿ, ನಮ್ಮದೂ ಕೆಟ್ಟೇ ನಾವು ಕಲಿತದ್ದು. ಕಾಗದವನ್ನು ತಡವಾಗಿ ಕೊಡಿರಿ. ಕೊಡುವಾಗ, ಕಡೆಯವರೆಗೆ ನೋಡಿಕೊಳ್ಳಬೇಕು ಎಂಬ ಷರತ್ತನ್ನು ಅದರಲ್ಲಿ ಬರೆಸಿರಿ. 2007ರ ತಂದೆತಾಯಿ ಮತ್ತು ಹಿರಿಯ ನಾಗರಿಕರ ಕಾಯಿದೆಯ ಪ್ರಕಾರ, ಅಂಥ ಷರತ್ತಿಟ್ಟು ಕೊಟ್ಟ ಆಸ್ತಿಯನ್ನು ಪಡೆದವರು ನೋಡಿಕೊಳ್ಳದಿದ್ದರೆ, ಪ್ರಾಂತ ಅಧಿಕಾರಿ ದರ್ಜೆಯವರು ನಡೆಸುವ ನ್ಯಾಯಮಂಡಳಿಗೆ ಅರ್ಜಿ ಹಾಕಿ ಆ ವರ್ಗಾವಣೆಯನ್ನು ರದ್ದು ಮಾಡಿಸಬಹುದು. ಮಕ್ಕಳ ಮೇಲೆ ಸಂಶಯಪಟ್ಟು ಹೇಳುವ ಮಾತಲ್ಲ ಇದು. ಲೆಕ್ಕ ಚೊಕ್ಕವಾಗಿದ್ದರೆ ಪ್ರೀತಿಯೂ ಚೊಕ್ಕವಾಗಿರುತ್ತದೆ ಎಂಬುದು ನನ್ನ ಕಾರಕೂನಿಕೆಯ ಪಾಠ.

ಇನ್ನು ಮನೆಯ ಕಿರಿಯರಿಗೆ ಒಂದು ಮಾತು. ತಂದೆಯ ಕೈಯಿಂದ ಬಾರುಕೋಲು ತೆಗೆದುಕೊಂಡರೆ ಆ ಕೈಗೆ ಬೇರೇನಾದರೂ ಕೊಡಬೇಕು. ತಾಲೀಮು ತನ್ನ ಹಳೆಯ ಪೈಲ್ವಾನನನ್ನು ವಸ್ತಾದ ಮಾಡುತ್ತದೆ, ಹೊರಗೆ ಕೂರಿಸುವುದಿಲ್ಲ. ಮೋಡ ನೋಡಿ ಹದ ಹೇಳುವುದು, ಬೀಜ ಆರಿಸುವುದು, ಮೊಮ್ಮಗನಿಗೆ ಕೂರಿಗೆ ಹಿಡಿಯಲು ಕಲಿಸುವುದು, ಇವೆಲ್ಲ ವಸ್ತಾದನ ಕೆಲಸವೇ. ಕೇಳಿರಿ, ಹೇಳುತ್ತಾರೆ. ಕೇಳದಿದ್ದರೆ ಬಾರುಕೋಲು ಬಿಡುವುದಿಲ್ಲ, ಅದು ಅವರ ತಪ್ಪಲ್ಲ.

ಹಿರಿಯರೇ, ಈ ಮುಂಗಾರಿಗೆ ಒಂದೇ ಒಂದು ಹೊಲದ ಬಿತ್ತಿಗೆ ಪೂರ್ತಿ ಮಕ್ಕಳ ತೀರ್ಮಾನಕ್ಕೆ ಬಿಟ್ಟು ನೋಡಿರಿ. ಬದುವಿನ ಮೇಲೆ ಕುಳಿತುಕೊಳ್ಳಿರಿ, ಕೇಳಿದರೆ ಮಾತ್ರ ಮಾತಾಡಿರಿ. ಮೊದಲ ದಿನ ನಾಲಿಗೆ ತುರಿಸುತ್ತದೆ, ಎರಡನೆಯ ದಿನವೂ ತುರಿಸುತ್ತದೆ. ಮೊಳಕೆ ಬಂದ ದಿನ ಮಗ ತಾನಾಗಿ ಬಂದು ‘ಅಪ್ಪಾ, ನೋಡು ಬಾ’ ಎನ್ನುತ್ತಾನೆ. ಆ ಕರೆಗಿಂತ ದೊಡ್ಡ ಶಾಲು, ದೊಡ್ಡ ಹಾರ ಯಾವ ಬ್ಯಾಂಕೂ ಕೊಡಲಾರದು.

ಇಷ್ಟು ಹೊತ್ತು ಕೇಳಿದಿರಿ. ಭಾಷಣಕಾರನಿಗೂ ‘ಸಾಕು’ ಎನ್ನುವ ಹೊತ್ತು ಗೊತ್ತಿರಬೇಕು.